ಹಳೇ ನೋವು, ಎಚ್ಚೆತ್ತ ನರ: ನಿಮ್ಮ ಅಳತೆಗೆ ಚಿಕಿತ್ಸೆ ಹೊಂದಿಸಿಕೊಳ್ಳುವ ಬಗೆ

ಮೂರು ತಿಂಗಳು ದಾಟಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಅನ್ನುತ್ತಾರೆ. ಅಷ್ಟರೊಳಗೆ ಸಾಮಾನ್ಯವಾಗಿ ಉಳುಕು, ಗಾಯ, ಮೂಳೆ ಮುರಿತ ಬಹುಮಟ್ಟಿಗೆ ವಾಸಿಯಾಗಿರುತ್ತವೆ. ಆದರೂ ನೋವು ಹೋಗಿರುವುದಿಲ್ಲ. ಎಕ್ಸ್‌ರೇಯಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣುವುದಿಲ್ಲ. ರಕ್ತ ಪರೀಕ್ಷೆಯೂ ಸರಿ ಇರುತ್ತೆ. ಆಗ ಮನೆಯವರಿಂದ ಹಿಡಿದು ಡಾಕ್ಟರ್ ತನಕ ಒಂದೇ ಮಾತು: "ಏನೂ ಇಲ್ಲ, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ."

ನಾನು ಹಾವೇರಿ ಜಿಲ್ಲೆಯಲ್ಲಿ ಫಿಸಿಯೋಥೆರಪಿಸ್ಟ್. ಈ ಮಾತು ಕೇಳಿ ಕೇಳಿ ಸಾಕಾಗಿ ಬಂದವರನ್ನೇ ದಿನವೂ ನೋಡುತ್ತೇನೆ. ಅವರ ನೋವು ನಿಜ. ಬಹಳ ಜನರಲ್ಲಿ ಅದಕ್ಕೆ ಕಾರಣವೂ ಇದೆ: ನೋವಿನ ಸುದ್ದಿ ಸಾಗಿಸುವ ನರಮಂಡಲವೇ ಅತಿಸೂಕ್ಷ್ಮ ಆಗಿಬಿಟ್ಟಿರುತ್ತೆ. ಅದು ಎಕ್ಸ್‌ರೇಯಲ್ಲೂ ಎಂಆರ್‌ಐಯಲ್ಲೂ ಕಾಣಲ್ಲ. ಅದನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಚಿಕಿತ್ಸೆ ಹೊಂದಿಸುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ನೋವಿರುವವರಿಗೂ ಅವರ ಮನೆಯವರಿಗೂ ಇದು ಉಪಯೋಗಕ್ಕೆ ಬರಲಿ ಅಂತ ಆಸೆ.

ಮೊದಲು ಇವು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ

ಬೆನ್ನುನೋವಿನ ಜೊತೆ ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ, ಕಾಲಿನ ಬಲ ಕಡಿಮೆಯಾಗುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಹೇಗೆ ಮಲಗಿದರೂ ರಾತ್ರಿ ಬಿಡದ ನೋವು, ಬಿದ್ದ ಮೇಲೆ ಶುರುವಾದ ನೋವು, ಇವನ್ನೂ ತಡಮಾಡದೆ ತೋರಿಸಿ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಜಾಸ್ತಿ ಕೀಲು ಹಿಡಿದುಕೊಂಡಿದ್ದರೆ, ಬೆರಳ ಗಂಟು ಊದಿದ್ದರೆ, ಅದು ವಾತದ ಕಾಯಿಲೆ ಇರಬಹುದು, ಅದಕ್ಕೆ ಬೇರೆಯದೇ ಔಷಧಿ. ಥೈರಾಯ್ಡ್, ಸಕ್ಕರೆ, ವಿಟಮಿನ್ ಬಿ12, ವಿಟಮಿನ್ ಡಿ ಒಮ್ಮೆ ನೋಡಿಸಿಕೊಂಡಿರಬೇಕು. ಇದೆಲ್ಲ ಆದ ಮೇಲೆ ಮುಂದಿನದು.

ನರ ಅತಿಸೂಕ್ಷ್ಮ ಆಗೋದು ಅಂದರೆ ಏನು

ಇದನ್ನು ನಾನು ಮೆಣಸಿನಕಾಯಿಯಿಂದಲೇ ವಿವರಿಸುತ್ತೇನೆ. ನಮ್ಮ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯ ಸುತ್ತಮುತ್ತ ಸೀಸನ್‌ನಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರು, ಖಾರ ಕಡಿಮೆ. ಖಾರದ ಕಾಯಿ ಬಿಡಿಸಿದ ದಿನ ಮಾತ್ರ ಕೈ ಉರಿ ಬಿಡಲ್ಲ. ಆ ಕೈಯನ್ನು ಉಗುರುಬೆಚ್ಚಗಿನ ನೀರಿಗೆ ಇಟ್ಟರೆ ಕುದಿನೀರಿಗೆ ಇಟ್ಟಂತೆ ಆಗುತ್ತೆ. ನೀರು ಅದೇ, ಚರ್ಮ ಸುಟ್ಟಿಲ್ಲ, ಉರಿ ಮಾತ್ರ ನಿಜ.

ಹೀಗಾಗೋದಕ್ಕೆ ಕಾರಣ ಗೊತ್ತಾಗಿದೆ. ಚರ್ಮದ ನರದ ತುದಿಯಲ್ಲಿ ಟಿಆರ್‌ಪಿವಿ1 ಅನ್ನೋ ಒಂದು ಗ್ರಾಹಕ ಇದೆ. ಸಾಮಾನ್ಯವಾಗಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದು ತೆರೆದುಕೊಂಡು "ಸುಡುತ್ತಿದೆ" ಅಂತ ಸುದ್ದಿ ಕಳಿಸುತ್ತೆ. ಮೆಣಸಿನ ಖಾರದಲ್ಲಿರುವ ಕ್ಯಾಪ್ಸೈಸಿನ್ ತಗುಲಿದಾಗ ಅದು ಇನ್ನೂ ಕಡಿಮೆ ಬಿಸಿಗೇ ತೆರೆದುಕೊಳ್ಳುತ್ತೆ. 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಈ ಗ್ರಾಹಕವನ್ನು ಕಂಡುಹಿಡಿದದ್ದು ಕ್ಯಾಪ್ಸೈಸಿನ್ ಬಳಸಿಯೇ. 2021ರ ವೈದ್ಯಕೀಯ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಅಂದಹಾಗೆ, ಕ್ಯಾಪ್ಸೈಸಿನ್ ಕರಗುವುದು ಎಣ್ಣೆಯಲ್ಲಿ. ಅದಕ್ಕೇ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಆಮೇಲೆ ಸೋಪು ಹಾಕಿ ತೊಳೆಯಲು ಹೇಳುತ್ತೇನೆ. ಬರೀ ನೀರಿನಿಂದ ಪ್ರಯೋಜನ ಕಡಿಮೆ.

ಇಲ್ಲಿಯವರೆಗೆ ಹೇಳಿದ್ದು ಚರ್ಮದ ನರದ ಮಾತು. ನಮಗೆ ಮುಖ್ಯವಾದದ್ದು ಇದರ ಮುಂದಿನದು. ಚರ್ಮದ ಒಂದು ಸಣ್ಣ ಜಾಗಕ್ಕೆ ಮಾತ್ರ ಕ್ಯಾಪ್ಸೈಸಿನ್ ಕೊಟ್ಟು ಪ್ರಯೋಗ ಮಾಡಿದ್ದಾರೆ. ಸ್ವಲ್ಪ ಹೊತ್ತಿಗೆ ಖಾರ ಸೋಕದ ಸುತ್ತಲಿನ ಚರ್ಮದ ಮೇಲೆ ಹತ್ತಿ ಸವರಿದರೂ ನೋವು ಶುರುವಾಗುತ್ತೆ. ಅಲ್ಲಿನ ಚರ್ಮಕ್ಕೆ ಏನೂ ಆಗಿರುವುದಿಲ್ಲ. ಬದಲಾಗಿರುವುದು ಬೆನ್ನುಹುರಿ. ಸತತವಾಗಿ ನೋವಿನ ಸುದ್ದಿ ಬಂದಾಗ ಬೆನ್ನುಹುರಿಯ ನರಕೋಶಗಳು ಎಚ್ಚೆತ್ತು, ಸಣ್ಣ ಸುದ್ದಿಯನ್ನೂ ದೊಡ್ಡದು ಮಾಡಿ ಮಿದುಳಿಗೆ ಕಳಿಸುತ್ತವೆ. ಬರೀ ಮುಟ್ಟಿದ ಸುದ್ದಿಯನ್ನೂ ನೋವಿನ ದಾರಿಗೆ ಸೇರಿಸುತ್ತವೆ. 1983ರಲ್ಲಿ ಕ್ಲಿಫರ್ಡ್ ವುಲ್ಫ್ ಇಲಿಗಳ ಮೇಲಿನ ಪ್ರಯೋಗದಲ್ಲಿ ಇದನ್ನು ತೋರಿಸಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಸೆಂಟ್ರಲ್ ಸೆನ್ಸಿಟೈಸೇಶನ್ ಅಂತ ವೈದ್ಯರು ಹೇಳುವುದು ಇದನ್ನೇ.

ಇನ್ನೊಂದು ಸಂಗತಿ ಇದೆ. ಮಿದುಳಿನ ಕಾಂಡದಿಂದ ಬೆನ್ನುಹುರಿಗೆ ಇಳಿಯುವ ನರಗಳು ನೋವಿನ ಸುದ್ದಿಗೆ ಬ್ರೇಕ್ ಹಾಕುವ ಕೆಲಸ ಮಾಡುತ್ತವೆ. ಸೆರೊಟೋನಿನ್, ನಾರ್‌ಅಡ್ರಿನಲಿನ್ ಈ ದಾರಿಯಲ್ಲಿ ಕೆಲಸ ಮಾಡುವ ರಾಸಾಯನಿಕಗಳು. ನಿದ್ದೆಗೆಟ್ಟಾಗ, ಭಯ ಬಿಡದೆ ಇದ್ದಾಗ ಈ ಬ್ರೇಕ್ ಸಡಿಲವಾಗುತ್ತೆ. ಬಹಳ ಜನರಲ್ಲಿ ಎಚ್ಚೆತ್ತ ನರ ತಾನಾಗೇ ತಣ್ಣಗಾಗುತ್ತೆ. ಕೆಲವರಲ್ಲಿ ಆಗಲ್ಲ. ಫೈಬ್ರೋಮಯಾಲ್ಜಿಯ ಅನ್ನೋ ಮೈಯೆಲ್ಲ ನೋಯುವ ಕಾಯಿಲೆ, ಹಲವರ ಹಳೇ ಸೊಂಟನೋವು, ಕತ್ತು ನೋವು, ಕೆಲವರ ಮಂಡಿ ಸವೆತದ ನೋವು, ಮೈಗ್ರೇನ್, ಇವುಗಳಲ್ಲೆಲ್ಲ ಇದರ ಪಾಲು ಇರುತ್ತೆ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2017ರಲ್ಲಿ ಇಂಥ ನೋವಿಗೆ ನೋಸಿಪ್ಲಾಸ್ಟಿಕ್ ಅಂತ ಒಂದು ಪ್ರತ್ಯೇಕ ಗುಂಪನ್ನೇ ಮಾಡಿತು.

ನಿಮ್ಮ ನೋವಿನಲ್ಲಿ ಇದರ ಪಾಲೆಷ್ಟು?

ಮೊದಲು ಒಂದು ಹಾಳೆ ತಗೊಂಡು ಮನುಷ್ಯನ ಆಕಾರ ಬರೆಯಿರಿ, ಮುಂದಿನದೊಂದು, ಹಿಂದಿನದೊಂದು. ಕಳೆದ ವಾರ ಎಲ್ಲೆಲ್ಲಿ ನೋವಿತ್ತೋ ಅಲ್ಲೆಲ್ಲ ಪೆನ್ಸಿಲಿನಿಂದ ತುಂಬಿ. ಸೊಂಟ ಮತ್ತು ಒಂದು ಕಾಲು ಮಾತ್ರ ತುಂಬಿದವರಿಗೂ ಕತ್ತು, ಎರಡೂ ಭುಜ, ಬೆನ್ನು, ತೊಡೆ, ದವಡೆ ಎಲ್ಲ ತುಂಬಿದವರಿಗೂ ಚಿಕಿತ್ಸೆ ಒಂದೇ ಆಗಲು ಸಾಧ್ಯವಿಲ್ಲ. ಬೇರೆ ಬೇರೆ ಕಡೆ ಹರಡಿದ ನೋವು ಅತಿಸೂಕ್ಷ್ಮತೆಯ ಮೊದಲ ಗುರುತು.

ಎರಡನೆಯದು, ಕೆಲಸಕ್ಕೂ ನೋವಿಗೂ ಅಳತೆ ಕೂಡದಿರುವುದು. ಒಂದು ಬಕೆಟ್ ಬಟ್ಟೆ ಹಿಂಡಿದ್ದಕ್ಕೆ ಎರಡು ದಿನ ಮಲಗುವಂತಾದರೆ ಅದನ್ನು ಬರೆದಿಡಿ. ಮೂರನೆಯದು ಮುಟ್ಟಿದಾಗಿನ ನೋವು. ಬಳೆ ತಾಗಿದರೆ, ರವಿಕೆ ತೋಳು ಬಿಗಿಯಾದರೆ, ಫ್ಯಾನ್ ಗಾಳಿ ಬಡಿದರೆ ನೋಯುತ್ತಾ? ಒಂದು ತುಂಡು ಹತ್ತಿಯನ್ನು ನೋವಿಲ್ಲದ ಜಾಗದಲ್ಲಿ ಮೊದಲು ಸವರಿ, ಆಮೇಲೆ ನೋವಿರುವ ಜಾಗದಲ್ಲಿ ಸವರಿ. ಎರಡನೇ ಜಾಗದಲ್ಲಿ ಹತ್ತಿಯೇ ಉರಿದರೆ, ಚುಚ್ಚಿದರೆ, ಅದು ಮುಖ್ಯವಾದ ಸುಳಿವು. ಕ್ಲಿನಿಕ್ಕಿನಲ್ಲಿ ನಾನು ಚೂಪಲ್ಲದ ತುದಿಯಿಂದ ಒಂದೇ ಜಾಗಕ್ಕೆ ಒಂದೇ ಒತ್ತಡದಲ್ಲಿ ಹತ್ತು ಸಲ ತಟ್ಟುತ್ತೇನೆ. ಮೊದಲ ತಟ್ಟಿಗೆ ನೋವು ಹತ್ತಕ್ಕೆ 2 ಅಂದವರು ಹತ್ತನೆಯ ತಟ್ಟಿಗೆ 7 ಅಂದರೆ, ಸುದ್ದಿ ಒಳಗೆ ಒಂದರ ಮೇಲೊಂದು ಪೇರಿಕೊಳ್ಳುತ್ತಿದೆ ಅಂತ ತಿಳಿಯುತ್ತೆ.

ನಾಲ್ಕನೆಯದು ನೋವಿಗೆ ಸಂಬಂಧವೇ ಇಲ್ಲ ಅನಿಸುವಂಥವು. ಟ್ಯೂಬ್‌ಲೈಟ್ ಬೆಳಕು, ಮಿಕ್ಸಿ ಸದ್ದು, ಒಗ್ಗರಣೆ ಘಾಟು ತಡೆಯಲಾಗದಿರುವುದು, ಎಂಟು ಗಂಟೆ ಮಲಗಿದರೂ ದಣಿವು ಆರದಿರುವುದು, ಮರೆವು. ಇವನ್ನೆಲ್ಲ ಸೇರಿಸಿದ ಒಂದು ಪ್ರಶ್ನಾವಳಿ ಇದೆ, ಸೆಂಟ್ರಲ್ ಸೆನ್ಸಿಟೈಸೇಶನ್ ಇನ್ವೆಂಟರಿ ಅಂತ. 25 ಪ್ರಶ್ನೆ, ಒಟ್ಟು 100 ಅಂಕ, 40 ದಾಟಿದರೆ ಅತಿಸೂಕ್ಷ್ಮತೆ ಇರಬಹುದು ಅಂತ ಲೆಕ್ಕ. ಆದರೆ ಆತಂಕದಿಂದಲೂ ನಿದ್ದೆಗೇಡಿನಿಂದಲೂ ಅಂಕ ಏರುತ್ತೆ. ಹಾಗಾಗಿ ಅಂಕ ನೋಡಿ ಮಾತ್ರ ತೀರ್ಮಾನ ಮಾಡಬೇಡಿ.

ನೀವು ಬಳಸುವ ಮಾತನ್ನೂ ಹಾಗೇ ಹೇಳಿ. "ಕರೆಂಟ್ ಹೊಡೆದಂಗ ಆಗ್ತೈತ್ರಿ", "ಅಂಗಾಲು ಉರಿ", "ಜೋಮು", ಇವು ನರಕ್ಕೇ ಪೆಟ್ಟಾಗಿರುವ ಕಡೆ ಬೊಟ್ಟು ಮಾಡುತ್ತವೆ. ಸಕ್ಕರೆ ಕಾಯಿಲೆಯವರ ಅಂಗಾಲು ಉರಿಯಲ್ಲಿ ಮೊದಲು ಸಕ್ಕರೆ ಹಿಡಿತಕ್ಕೆ ತರಬೇಕು. ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡವರಲ್ಲಿ ಬಿ12 ಕಡಿಮೆಯಾಗಿರಬಹುದು, ಅದನ್ನೂ ನೋಡಬೇಕು. "ಬಗ್ಗಿದ್ರೆ ಚಳಕು, ನೇರ ಆದ್ರೆ ಹೋಗುತ್ತೆ" ಅಂದರೆ ಸ್ನಾಯು, ಕೀಲಿನ ಪಾಲು ದೊಡ್ಡದು. ಅತಿಸೂಕ್ಷ್ಮತೆ, ನರದ ಪೆಟ್ಟು, ಸ್ನಾಯು-ಕೀಲಿನ ನೋವು, ಒಬ್ಬರಲ್ಲೇ ಈ ಮೂರೂ ಸೇರಿರುವುದು ಉಂಟು.

ಸ್ಕ್ಯಾನ್ ವರದಿ ಓದುವಾಗ

"ಮೂಳೆ ಸವೆದಿದೆ", "ಗ್ಯಾಪ್ ಬಂದಿದೆ", "ಡಿಸ್ಕ್ ಜಾರಿದೆ" ಅನ್ನೋ ಮಾತುಗಳು ನಮ್ಮ ಕಡೆ ಜನರನ್ನು ಹೆದರಿಸಿದಷ್ಟು ಇನ್ನಾವ ಮಾತೂ ಹೆದರಿಸಿಲ್ಲ. 2015ರಲ್ಲಿ ಪ್ರಕಟವಾದ ಒಂದು ಅವಲೋಕನ ಬೆನ್ನುನೋವೇ ಇಲ್ಲದ 3110 ಜನರ ಸ್ಕ್ಯಾನ್ ವಿವರಗಳನ್ನು ಒಟ್ಟುಹಾಕಿತು. 20ರ ವಯಸ್ಸಿನವರಲ್ಲೇ 37 ಶೇಕಡಾ ಜನರಿಗೆ ಡಿಸ್ಕ್ ಸವೆತ ಇತ್ತು. 50ರ ವಯಸ್ಸಿಗೆ 80 ಶೇಕಡಾ, 80ಕ್ಕೆ 96 ಶೇಕಡಾ. ಡಿಸ್ಕ್ ಉಬ್ಬು 20ಕ್ಕೆ 30 ಶೇಕಡಾ, 50ಕ್ಕೆ 60 ಶೇಕಡಾ. ಇವರಲ್ಲಿ ಯಾರಿಗೂ ನೋವಿರಲಿಲ್ಲ! ಸ್ಕ್ಯಾನ್ ಬೇಕಾದಾಗ ಬೇಕೇ ಬೇಕು. ಆದರೆ ವರದಿಯಲ್ಲಿ ಬರೆದ ಪ್ರತಿಯೊಂದೂ ನಿಮ್ಮ ನೋವಿನ ಕಾರಣ ಆಗಿರಬೇಕಿಲ್ಲ. ಡಾಕ್ಟರನ್ನು ಹೀಗೆ ಕೇಳಿ: "ಇದರಲ್ಲಿ ನನ್ನ ವಯಸ್ಸಿಗೆ ಸಹಜವಾದದ್ದು ಯಾವುದು? ನನ್ನ ನೋವಿಗೆ ಹೊಂದುವುದು ಯಾವುದು?"

ಇಬ್ಬರು, ಎರಡು ದಾರಿ

ಇಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿ. ಇಬ್ಬರೂ ಬಂದದ್ದು ಬಹಳ ವರ್ಷದ ಸೊಂಟನೋವು ಅಂತ.

ಮೊದಲನೆಯವರು ಬಸ್ ಚಾಲಕರು. ಎಂಆರ್‌ಐ ಕವರ್ ಕಂಕುಳಲ್ಲಿ, ಸೊಂಟಕ್ಕೆ ಹಗಲಿಡೀ ಬೆಲ್ಟ್. ನೋವು ಸೊಂಟದ ಎಡಕ್ಕೆ ಅಂಗೈಯಷ್ಟು ಜಾಗದಲ್ಲಿ. ಹತ್ತಿ ಸವರಿದರೆ ಏನೂ ಆಗಲಿಲ್ಲ. ರಜೆಯ ದಿನ ನಿದ್ದೆ ಚೆನ್ನಾಗಿ ಬರುತ್ತಿತ್ತು. ಬಗ್ಗಿ ಚಪ್ಪಲಿ ತೆಗೆದುಕೊಳ್ಳಿ ಅಂದರೆ ಉಸಿರು ಹಿಡಿದು, ಗೋಡೆ ಹಿಡಿದು ಕುಕ್ಕರಿಸುತ್ತಿದ್ದರು. "ಬಗ್ಗಿದರೆ ಡಿಸ್ಕ್ ಇನ್ನೂ ಹೊರಗೆ ಬರುತ್ತೆ" ಅಂತ ಯಾರೋ ಹೇಳಿದ್ದು ಮನಸ್ಸಿನಲ್ಲಿ ಕೂತಿತ್ತು. ಇವರಿಗೆ ಬೇಕಾಗಿದ್ದು ಬಲ ಮತ್ತು ಧೈರ್ಯ. ಮೇಜಿನ ಎತ್ತರಕ್ಕೆ ಬಗ್ಗುವುದರಿಂದ ಶುರು ಮಾಡಿ, ಸ್ಟೂಲು, ಆಮೇಲೆ ನೆಲ. ಖಾಲಿ ಕೊಡ, ಅರ್ಧ ಕೊಡ, ತುಂಬಿದ ಕೊಡ. ಬೆಲ್ಟನ್ನು ಮೊದಲು ಮನೆಯಲ್ಲಿ ಬಿಡಿಸಿದೆವು, ಆಮೇಲೆ ಡ್ಯೂಟಿಯಲ್ಲಿ. ಇಂಥವರಿಗೆ ತೀರಾ ಮೆಲ್ಲನೆ ವ್ಯಾಯಾಮ ಕೊಟ್ಟರೆ ಪ್ರಯೋಜನವಿಲ್ಲ.

ಎರಡನೆಯವರು ಮೆಣಸಿನಕಾಯಿ ಬಿಡಿಸುವ ಕೆಲಸದವರು, ನಲವತ್ತು ದಾಟಿದವರು. "ಎಲ್ಲೆಲ್ಲಿ ನೋವು ಅಂತ ಹೇಳಲ್ರೀ ಮೇಡಂ, ಮೈಯೆಲ್ಲಾ ನೋಯಾಕತ್ತೈತ್ರಿ" ಅಂದರು. ಹಾಳೆಯ ಚಿತ್ರದಲ್ಲಿ ಬಿಳಿ ಉಳಿದದ್ದು ಕಡಿಮೆ. ಬಳೆ ತೆಗೆದಿಟ್ಟಿದ್ದರು, ಮಣಿಕಟ್ಟಿಗೆ ತಾಗಿದರೆ ತಡೆಯಲಾಗದು ಅಂತ. ನಿದ್ದೆ ತುಂಡು ತುಂಡು. ಹಿಂದೆ ಒಂದು ಕಡೆ ಹಾಳೆಯಲ್ಲಿ ಅಚ್ಚುಹಾಕಿದ ವ್ಯಾಯಾಮ ಕೊಟ್ಟಿದ್ದರಂತೆ, ಚಾಲಕರಿಗೆ ಕೊಡಬಹುದಾದಂಥದ್ದೇ. ಎರಡು ದಿನ ಮಾಡಿ ಒಂದು ವಾರ ಮಲಗಿದ್ದರು. "ನನಗ ವ್ಯಾಯಾಮ ಆಗಿಬರಂಗಿಲ್ರೀ" ಅಂತ ಅವರೇ ತೀರ್ಮಾನ ಮಾಡಿಕೊಂಡಿದ್ದರು. ಅತಿಸೂಕ್ಷ್ಮತೆ ಇರುವವರಲ್ಲಿ ಹೀಗಾಗುತ್ತೆ. ಆರೋಗ್ಯವಂತರಿಗೆ ವ್ಯಾಯಾಮದಿಂದ ನೋವು ಸ್ವಲ್ಪ ಹೊತ್ತು ತಗ್ಗುತ್ತೆ, ಇವರಲ್ಲಿ ಕೆಲವರಿಗೆ ಏರುತ್ತೆ. ಅಂದಮಾತ್ರಕ್ಕೆ ವ್ಯಾಯಾಮ ಬೇಡ ಅಂತಲ್ಲ. ಅಳತೆ ಬೇರೆ ಇರಬೇಕು, ಅಷ್ಟೇ.

ಅಳತೆ ಹಿಡಿಯುವುದು ಹೇಗೆ

ಈ ಎರಡನೆಯವರನ್ನು ಕೇಳಿದೆ, "ಮತ್ತೆ ಮಾಡುವಂತಾಗಬೇಕು ಅನಿಸುವ ಮೂರು ಕೆಲಸ ಹೇಳ್ರಿ." ರೊಟ್ಟಿ ಬಡಿಯೋದು, ಗುಡಿತನಕ ನಡೆಯೋದು, ಮೊಮ್ಮಗುವನ್ನು ಎತ್ತಿಕೊಳ್ಳೋದು. ಪ್ರತಿಯೊಂದಕ್ಕೂ ಈಗ ಎಷ್ಟಾಗುತ್ತೆ ಅಂತ 0ಯಿಂದ 10ರಲ್ಲಿ ಅವರೇ ಅಂಕ ಹಾಕಿದರು. ಚಿಕಿತ್ಸೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ನೋಡೋದು ಈ ಅಂಕದಲ್ಲಿ. ನೋವಿನ ಅಂಕ ಆಮೇಲೆ.

ಜೋಳದ ರೊಟ್ಟಿ ಬಡಿಯೋದು ಹಗುರ ಕೆಲಸ ಅಲ್ಲ. ನೆಲದ ಮೇಲೆ ಕೂತು, ಸೊಂಟ ಬಗ್ಗಿಸಿ, ಹಿಟ್ಟು ನಾದಿ, ಅಂಗೈಯಿಂದ ತಟ್ಟುತ್ತಾ ತಿರುಗಿಸಬೇಕು, ಎದುರಿಗೆ ಹೆಂಚಿನ ಕಾವು. ಅವರಿಗೆ ಆರನೇ ರೊಟ್ಟಿಗೆ ತೋಳು ಭಾರವಾಗಿ ನೋವು ಏರಲು ಶುರು. ಆದರೂ ಒಳ್ಳೇ ದಿನ ಅಂತ ಇಪ್ಪತ್ತು ಬಡಿದುಬಿಡುತ್ತಿದ್ದರು, ಮರುದಿನ ಹಾಸಿಗೆ. ಇದು ನಾನು ಜಾಸ್ತಿ ನೋಡುವ ತೊಂದರೆ. ಒಳ್ಳೇ ದಿನ ಮಿತಿ ಮೀರೋದು, ಕೆಟ್ಟ ದಿನ ಪೂರ್ತಿ ಬಿಡೋದು. ನರಕ್ಕೆ ತಣ್ಣಗಾಗಲು ಪುರುಸೊತ್ತೇ ಸಿಗಲ್ಲ.

ಆದ್ದರಿಂದ ನಿಮಿಷ ಎಣಿಸುವ ಬದಲು ರೊಟ್ಟಿಯನ್ನೇ ಎಣಿಸಿದೆವು. ಮೂರು ದಿನ, ನೋವು ಏರಲು ಶುರುವಾಗುವ ತನಕ ಎಷ್ಟು ರೊಟ್ಟಿ ಅಂತ ನೋಡಿ ಸರಾಸರಿ ತೆಗೆಯೋದು. ಅದರಲ್ಲಿ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯೋದು. ಆರರ ಬದಲು ಐದು ಆಯಿತು. ಐದಾದ ಕೂಡಲೇ ನಿಲ್ಲಿಸಬೇಕು, ತೋಳು ಚೆನ್ನಾಗೇ ಇದ್ದರೂ. ಹತ್ತು ನಿಮಿಷ ಎದ್ದು ಓಡಾಡಿ ಮತ್ತೆ ಐದು ಮಾಡಬಹುದು, ಮೊದಲ ವಾರ ಅಷ್ಟೇ. ಉಳಿದದ್ದು ಸೊಸೆ ಬಡಿಯಲಿ, ಇಲ್ಲವೇ ಅನ್ನ ಮಾಡಲಿ. ಒಲೆಯನ್ನು ಕಟ್ಟೆಯ ಮೇಲಿಟ್ಟು ನಿಂತು ಬಡಿಯಲೂ ಕಲಿಸಿದೆ, ಕೂತದ್ದೊಂದು ಸರದಿ, ನಿಂತದ್ದೊಂದು.

ನಿಮ್ಮ ಕೆಲಸ ಯಾವುದೇ ಇರಲಿ, ಇದೇ ಲೆಕ್ಕ. ಹೊಲಿಗೆ ಮೆಷಿನ್ ಆದರೆ ಎಷ್ಟು ಲಂಗ, ಲ್ಯಾಪ್‌ಟಾಪ್ ಆದರೆ ಎಷ್ಟು ನಿಮಿಷ, ಮೆಟ್ಟಿಲಾದರೆ ಎಷ್ಟು ಮೆಟ್ಟಿಲು. ಏರಿಸೋದು ವಾರಕ್ಕೊಮ್ಮೆ, ಹತ್ತರಲ್ಲಿ ಒಂದು ಪಾಲಿನಷ್ಟು. ಏರಿಸಬಹುದೋ ಬೇಡವೋ ಅಂತ ಹೇಳೋದು ಮರುದಿನ ಬೆಳಿಗ್ಗೆ. ಕೆಲಸ ಮಾಡುವಾಗ ನೋವು ಒಂದೆರಡು ಅಂಕ ಏರಿದರೆ ಪರವಾಗಿಲ್ಲ. ಬೆಳಿಗ್ಗೆ ಏಳುವ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಬಂದಿರಬೇಕು. ಬಂದಿಲ್ಲ ಅಂದರೆ ಹಿಂದಿನ ವಾರದ ಅಳತೆಗೆ ಇಳಿಯಿರಿ. ಓದು ಬರದವರು ಗೋಡೆ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಗೆರೆ ಹಾಕಿದರೆ ಸಾಕು, ಬೆಳಿಗ್ಗೆ ಸರಿ ಇದ್ದರೆ ನೆಟ್ಟಗೆ, ಇಲ್ಲದಿದ್ದರೆ ಅಡ್ಡ. ತಿಂಗಳ ಕೊನೆಗೆ ಆ ಹಾಳೆ ನೋಡಿದರೆ ನನಗೆ ಅರ್ಧ ವಿಷಯ ತಿಳಿದುಬಿಡುತ್ತೆ.

ವ್ಯಾಯಾಮವನ್ನು ನೋವು ಕಡಿಮೆ ಇರುವ ಭಾಗದಿಂದ ಶುರು ಮಾಡಿ. ಈ ತಾಯಿಗೆ ಭುಜಕ್ಕೆ ಏನೂ ಕೊಡಲಿಲ್ಲ, ಮೊದಲು ನಡಿಗೆ ಮಾತ್ರ. ಮಾತಾಡುತ್ತಾ ನಡೆಯುವ ವೇಗ, ಐದು ನಿಮಿಷ, ದಿನಕ್ಕೆ ಎರಡು ಸಲ. ಮುಟ್ಟಿದರೆ ನೋಯುವ ಮಣಿಕಟ್ಟಿಗೆ ಬೇರೆ ಪಾಠ. ರೇಷ್ಮೆ ಸೀರೆ ಸೆರಗು, ಆಮೇಲೆ ಹತ್ತಿ, ಆಮೇಲೆ ಮೆತ್ತನೆ ಟವೆಲು, ಕೊನೆಗೆ ಒರಟು ಟವೆಲು. ಒಂದೊಂದೂ ಎರಡು ನಿಮಿಷ, ಅವರೇ ತಮ್ಮ ಕೈಯಿಂದ, ನೋಡುತ್ತಾ ಸವರಬೇಕು. ಒಂದು ಬಟ್ಟೆ ಸಲೀಸಾದ ಮೇಲೆ ಮುಂದಿನದು. ಬಳೆ ಮತ್ತೆ ಹಾಕಿಕೊಂಡ ದಿನ ಅವರು ಕೈ ಅಲ್ಲಾಡಿಸಿ ಸದ್ದು ಕೇಳಿಸಿದರು. ನೋವು ಪೂರ್ತಿ ಹೋಗಿರಲಿಲ್ಲ. ರೊಟ್ಟಿಯ ಲೆಕ್ಕ ಮಾತ್ರ ಐದರಲ್ಲಿ ನಿಂತಿರಲಿಲ್ಲ.

ಒಂದು ಎಚ್ಚರಿಕೆ. ಮಣಿಕಟ್ಟು ಮುರಿದು ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಊದಿ, ಬಣ್ಣ ಬದಲಾಗಿ, ಬಿಸಿ ಅಥವಾ ತಣ್ಣಗಾಗಿ, ಮುಟ್ಟಲು ಬಿಡದಂತಾದರೆ ಅದು ಸಿಆರ್‌ಪಿಎಸ್ (ಪೆಟ್ಟಾದ ಕೈ ಅಥವಾ ಕಾಲಿನಲ್ಲಿ ನೋವು ಮಿತಿಮೀರುವ ಕಾಯಿಲೆ) ಇರಬಹುದು. ಅದನ್ನು ಬೇಗ ತೋರಿಸಬೇಕು. ಅಲ್ಲಿ ಎಡಗೈ ಬಲಗೈ ಚಿತ್ರ ಗುರುತಿಸುವುದು, ಚಲನೆಯನ್ನು ಮನಸ್ಸಿನಲ್ಲೇ ಮಾಡುವುದು, ಆಮೇಲೆ ಕನ್ನಡಿ ಮುಂದೆ ಮಾಡುವುದು ಅಂತ ಕ್ರಮವಾದ ಚಿಕಿತ್ಸೆ ಇದೆ. ಎಳೆದು ತಿಕ್ಕಿಸಿಕೊಳ್ಳಬೇಡಿ.

ನಿದ್ದೆ

ನಿದ್ದೆ ಕೆಟ್ಟ ಮರುದಿನ ಅದೇ ಪೆಟ್ಟು ಜಾಸ್ತಿ ನೋಯುತ್ತೆ, ಇದು ಆರೋಗ್ಯವಂತರ ಮೇಲಿನ ಪ್ರಯೋಗಗಳಲ್ಲೂ ಕಂಡದ್ದು. ಹಾಗಾಗಿ ಹರಡಿದ ನೋವು ಮತ್ತು ಕೆಟ್ಟ ನಿದ್ದೆ ಎರಡೂ ಇರುವವರಲ್ಲಿ ನಾನು ನಿದ್ದೆಯಿಂದಲೇ ಶುರು ಮಾಡುತ್ತೇನೆ. ಮಲಗುವ ಹೊತ್ತಿಗಿಂತ ಏಳುವ ಹೊತ್ತು ಗಟ್ಟಿ ಇರಲಿ, ಭಾನುವಾರವೂ. ಮಧ್ಯಾಹ್ನ ಮಲಗಿದರೆ ಅರ್ಧ ಗಂಟೆ ಸಾಕು. ನಾಲ್ಕು ಗಂಟೆ ಮೇಲೆ ಚಹಾ ಬೇಡ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುವುದು ಇದ್ದರೆ ಡಾಕ್ಟರಿಗೆ ಹೇಳಿ, ಅದು ಬೇರೆ ಕಾಯಿಲೆ.

ಮಾತ್ರೆ ವಿಷಯ

ಮಾತ್ರೆ ಬರೆಯುವುದು ನನ್ನ ಕೆಲಸವಲ್ಲ. ಆದರೆ ಏನು ಕೇಳಬೇಕು ಅಂತ ಗೊತ್ತಿದ್ದರೆ ನಿಮಗೇ ಒಳ್ಳೆಯದು. ಮೊದಲಿಗೆ, ಸುಸ್ತಾದಾಗೆಲ್ಲ ಹೋಗಿ ಸೂಜಿ ಹಾಕಿಸಿಕೊಳ್ಳುವ ರೂಢಿ ಬಿಡಿ. ಡೈಕ್ಲೋಫೆನಾಕ್‌ನಂಥ ನೋವಿನ ಔಷಧಿ ತಿಂಗಳುಗಟ್ಟಲೆ ತಗೊಂಡರೆ ಹೊಟ್ಟೆ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಎಚ್ಚೆತ್ತ ನರಕ್ಕೆ ಅದರಿಂದ ಲಾಭವೂ ಕಡಿಮೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಮಾಡುವ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ, ಬೇರೆ ಕಾಯಿಲೆಯ ಕಾರಣವಿಲ್ಲದ ದೀರ್ಘಕಾಲದ ನೋವಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಬಗೆಯ ಔಷಧಿ, ಅಫೀಮು ಬಗೆಯ ಔಷಧಿಗಳನ್ನು ಶುರು ಮಾಡಬೇಡಿ ಅಂತಲೇ ಹೇಳಿದೆ. ಅದು ಒಪ್ಪಿದ್ದು ವ್ಯಾಯಾಮ, ಮಾತಿನ ಚಿಕಿತ್ಸೆ, ಕೆಲವು ಖಿನ್ನತೆಯ ಔಷಧಿಗಳಂಥವನ್ನು.

ಖಿನ್ನತೆಯ ಮಾತ್ರೆ ಅಂದಕೂಡಲೇ "ನನಗೇನು ಹುಚ್ಚಾ?" ಅಂತ ಚೀಟಿ ಹರಿದವರಿದ್ದಾರೆ. ಅಮಿಟ್ರಿಪ್ಟಿಲಿನ್, ಡ್ಯುಲೊಕ್ಸೆಟಿನ್ ಇವು ಮೊದಲು ಹೇಳಿದ ಸೆರೊಟೋನಿನ್, ನಾರ್‌ಅಡ್ರಿನಲಿನ್ ದಾರಿಯನ್ನು ಬಲಪಡಿಸುತ್ತವೆ. ನೋವಿಗೆ ಅಮಿಟ್ರಿಪ್ಟಿಲಿನ್ ಅನ್ನು ಸಾಮಾನ್ಯವಾಗಿ ರಾತ್ರಿ 10 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ, ಖಿನ್ನತೆಗೆ ಕೊಡುವುದಕ್ಕಿಂತ ಎಷ್ಟೋ ಕಡಿಮೆ. ನಿದ್ದೆ ಇಲ್ಲದವರಿಗೆ ಅದು ಹೊಂದಬಹುದು. ಬಾಯಿ ಒಣಗುತ್ತೆ, ಬೆಳಿಗ್ಗೆ ಮಂಪರು ಇರುತ್ತೆ. ಅಂದಮೇಲೆ ಬೆಳಗಿನ ಜಾವದ ಬಸ್ ಓಡಿಸುವ ಚಾಲಕರಿಗೆ ಅದು ಕೊಡುವ ಮೊದಲು ಯೋಚಿಸಬೇಕು ಅಲ್ವಾ? ನಿಮ್ಮ ಕೆಲಸ ಏನು ಅಂತ ಡಾಕ್ಟರಿಗೆ ಹೇಳಲೇಬೇಕು. ಗ್ಲಾಕೋಮಾ ಅನ್ನೋ ಕಣ್ಣಿನ ಕಾಯಿಲೆ, ಪ್ರಾಸ್ಟೇಟ್ ತೊಂದರೆ, ಹೃದಯದ ತೊಂದರೆ ಇದ್ದರೂ ಹೇಳಿ. ಪ್ರೆಗಾಬಲಿನ್ ನರಕ್ಕೆ ಪೆಟ್ಟಾದ ನೋವಿಗೆ ಕೊಡುವ ಔಷಧಿ. ತಲೆಸುತ್ತು, ಕಾಲು ಊತ, ತೂಕ ಏರುವುದು ಇರಬಹುದು. ಈ ಮೂರು ಔಷಧಿಗಳನ್ನೂ ನಿಮ್ಮಷ್ಟಕ್ಕೆ ನೀವೇ ಥಟ್ಟನೆ ನಿಲ್ಲಿಸಬೇಡಿ. ಬೇರೆಯವರಿಗೆ ಗುಣವಾಯಿತು ಅಂತ ಅವರ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಕೊಳ್ಳಲೂಬೇಡಿ.

ಮನೆಯವರಿಗೆ

"ನಿನ್ನೆ ಚೆನ್ನಾಗಿ ಓಡಾಡ್ತಿದ್ದೆ, ಇವತ್ತೇನಾಯ್ತು?" ಅನ್ನೋ ಪ್ರಶ್ನೆ ಬಹಳ ನೋಯಿಸುತ್ತೆ. ದಿನದಿಂದ ದಿನಕ್ಕೆ ಏರುಪೇರಾಗುವುದು ಈ ನೋವಿನ ಸ್ವಭಾವ. ಹಾಗೆಯೇ ಕೈಯಲ್ಲಿದ್ದ ತಟ್ಟೆಯನ್ನೂ ಕಸಿದುಕೊಂಡು "ನೀ ಮಲಗು" ಅನ್ನುವುದರಿಂದಲೂ ಒಳ್ಳೆಯದಾಗಲ್ಲ. ಮಾಡಲಾಗುವಷ್ಟು ಕೆಲಸ ಅವರ ಕೈಯಲ್ಲೇ ಇರಲಿ. ನೋವು ಎಷ್ಟಿದೆ ಅಂತ ಪದೇಪದೇ ಕೇಳುವ ಬದಲು "ಇವತ್ತು ಎಷ್ಟು ರೊಟ್ಟಿ ಆಯ್ತು?" ಅಂತ ಕೇಳಿ. ಮನೆಯಲ್ಲಿ ಜಗಳ, ಸಾಲ, ಕುಡಿತ, ಹೊಡೆತ ಇದ್ದರೆ ನರ ತಣ್ಣಗಾಗುವುದು ಕಷ್ಟ. ಇದನ್ನು ಹೇಳಿಕೊಳ್ಳಲು ನನ್ನಲ್ಲಿಗೆ ಬಂದವರಿಗೆ ಬಾಗಿಲು ಹಾಕಿ ಒಬ್ಬರೇ ಮಾತಾಡುವ ಅವಕಾಶ ಕೊಡುತ್ತೇನೆ. ಬೇರೆ ಚಿಕಿತ್ಸಕರೂ ಕೊಡಬೇಕು. ಮನಸ್ಸು ಕುಗ್ಗಿದ್ದರೆ, ಬದುಕು ಬೇಡ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.

ನೋವು ಉಲ್ಬಣಿಸಿದಾಗ

ಮದುವೆ, ಜಾತ್ರೆ, ಜ್ವರ, ಏನೋ ಒಂದು ಬಂದು ಅಳತೆ ತಪ್ಪುತ್ತೆ. ಅದಕ್ಕೆ ಮೊದಲೇ ಒಂದು ಚೀಟಿ ಬರೆದು ಕ್ಯಾಲೆಂಡರಿಗೆ ಸಿಕ್ಕಿಸಿಡಿ. ಆ ದಿನ ಮತ್ತು ಮರುದಿನ ಎಲ್ಲ ಅಳತೆಯೂ ಅರ್ಧ. ಸೊನ್ನೆ ಮಾಡಬೇಡಿ. ಐದು ರೊಟ್ಟಿ ಇದ್ದದ್ದು ಎರಡಾಗಲಿ, ನಡಿಗೆ ಅಂಗಳದ ತನಕ ಆಗಲಿ. ಬಿಸಿನೀರಿನ ಶಾಖ ಹಿತವಾದರೆ ತಗೊಳ್ಳಿ, ತಣ್ಣನೆಯದು ಹಿತವಾದರೆ ಅದನ್ನು. ಸಕ್ಕರೆ ಕಾಯಿಲೆಯಿಂದ ಅಂಗಾಲು ಮರಗಟ್ಟಿದವರು ಮಾತ್ರ ಬಿಸಿನೀರಿನ ಚೀಲ ಇಡಬೇಡಿ, ಸುಟ್ಟದ್ದೇ ಗೊತ್ತಾಗಲ್ಲ. ಮೂರನೇ ದಿನದಿಂದ ಮೆಲ್ಲಗೆ ಹಳೇ ಅಳತೆಗೆ ಬನ್ನಿ. ವಾರ ಕಳೆದರೂ ಇಳಿಯದಿದ್ದರೆ, ಅಥವಾ ನೋವಿನ ಬಗೆಯೇ ಬದಲಾಗಿದ್ದರೆ, ಮತ್ತೆ ಪರೀಕ್ಷೆ ಮಾಡಿಸಿ.

ಡಾಕ್ಟರ ಮುಂದೆ ಐದು ನಿಮಿಷ

ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಂತು ಒಳಗೆ ಹೋದಾಗ ಸಿಗುವ ಸಮಯ ಅಷ್ಟೇ. ಹತ್ತು ವರ್ಷದ ಫೈಲ್ ತೆರೆದಿಟ್ಟರೆ ಅದರಲ್ಲೇ ಮುಗಿಯುತ್ತೆ. ಒಂದೇ ಹಾಳೆ ಒಯ್ಯಿರಿ. ಒಂದು ಬದಿ ಪೆನ್ಸಿಲಿನ ಚಿತ್ರ. ಇನ್ನೊಂದು ಬದಿ ನಿಮ್ಮ ಮೂರು ಕೆಲಸ ಮತ್ತು ಅವುಗಳ ಅಂಕ, ನಿದ್ದೆ ಹೇಗಿದೆ, ಮುಟ್ಟಿದರೆ ನೋಯುತ್ತದೆಯೋ ಇಲ್ಲವೋ, ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಯ ಹೆಸರು, ನಾಟಿ ಔಷಧಿಯೂ ಸೇರಿ. ಹಿಂದೆ ಯಾವ ಚಿಕಿತ್ಸೆಯಿಂದ ಏನಾಯಿತು ಅಂತ ಒಂದೊಂದು ಸಾಲು.

ಶುರು ಮಾಡಿದ ಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಹೊಸ ಮಾತ್ರೆ, ಹೊಸ ವ್ಯಾಯಾಮ, ಹೊಸ ಹಾಸಿಗೆ ಎಲ್ಲ ಒಂದೇ ವಾರ ಬಂದರೆ ಯಾವುದರಿಂದ ಏನಾಯಿತು ಅಂತ ತಿಳಿಯಲ್ಲ. ಆರರಿಂದ ಎಂಟು ವಾರ ಸರಿಯಾಗಿ ಮಾಡಿಯೂ ಮೂರು ಕೆಲಸದ ಅಂಕ ಒಂದಿಷ್ಟೂ ಅಲ್ಲಾಡದಿದ್ದರೆ, ಆ ದಾರಿ ನಿಮಗೆ ಹೊಂದಿಲ್ಲ. ಅದನ್ನೇ ಇನ್ನೂ ಆರು ತಿಂಗಳು ಎಳೆಯಬೇಡಿ. ಹಾಳೆ ಹಿಡಿದು ಚಿಕಿತ್ಸಕರ ಹತ್ತಿರ ಮತ್ತೆ ಹೋಗಿ, ಮೊದಲ ಚಿತ್ರದ ಪಕ್ಕ ಹೊಸ ಚಿತ್ರ ಬರೆದು ತೋರಿಸಿ, ಮುಂದೆ ಯಾವುದನ್ನು ಬದಲಿಸೋಣ ಅಂತ ಕೇಳಿ.